ಸೀಟಿ ಒಂದೇ, ನಿಲ್ಲುವುದು ಬೇರೆ

"ಆಪ್ದಲ್ಲ ಹೋಪ್ದಲ್ಲ", ಆಗುವ ಹೋಗುವ ಕೆಲಸವಲ್ಲ, ಎಂದವರು ನನ್ನ ದೊಡ್ಡಪ್ಪ. ತೊಂಬತ್ತೇಳನೇ ಇಸವಿಯಲ್ಲಿ ನಾನು ಕುಂದಾಪುರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದು, ಅಮ್ಮನ ಬಳೆ ಮಾರಿ ಕಂಪ್ಯೂಟರ್ ತಂದಿಟ್ಟ ದಿನ, ಒಳಗೂ ಬರದೆ ಬಾಗಿಲಲ್ಲೇ ನಿಂತು ಹೇಳಿದ್ದು. ಮುಂಬೈ ಹೋಟೆಲಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು ಅವರು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ ಹುಡುಗಿ ಮಿಷನ್ ನಡೆಸುವುದುಂಟೇ ಎಂಬುದು ಅವರ ತೀರ್ಮಾನ.

ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪುಸ್ತಕ ಓದಿ ಕಲಿತೆ. ಕಲಿತ ಮೇಲೆ ಒಂದು ಗೊತ್ತಾಯಿತು. ಈ ಕಸುಬಿನಲ್ಲಿ ಮಿಷನ್ ಕೆಡುವುದು ಕಡಿಮೆ. ಒಂದು ಮಿಷನ್ನಿನ ಮಾತು ಇನ್ನೊಂದಕ್ಕೆ ತಿಳಿಯದೆ ಹೋಗುವುದೇ ಹೆಚ್ಚು. ಅದಕ್ಕೆ ಕೊನೆಯೇ ಇಲ್ಲ. ಪ್ರತಿ ಸಲವೂ ನಡುವೆ ಯಾರಾದರೊಬ್ಬರು ಸಿಕ್ಕಿಕೊಳ್ಳುತ್ತಾರೆ, ಹೆಚ್ಚಾಗಿ ನಾನೇ.

ಬೊಂಬಾಯಿಯವರ ಕಾಗದ

ಆ ದೊಡ್ಡಪ್ಪನ ಮಗಳಿಗೇ ಮದುವೆ ನಿಶ್ಚಯವಾಯಿತು. ಕರೆಯೋಲೆಯ ಕೆಲಸ ನನಗೆ ಬಂತು; ನಂಬಿಕೆಯಿಂದಲ್ಲ, ಮನೆಯವಳು ದುಡ್ಡು ಕೇಳುವುದಿಲ್ಲ ಎಂದು. ನಾನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿ, ಫ್ಲಾಪಿಯಲ್ಲಿ ಹಾಕಿ, ಬ್ರಹ್ಮಾವರದ ಪ್ರೆಸ್ಸಿಗೆ ಬಸ್ಸಿನಲ್ಲಿ ಕಳಿಸಿದೆ. ಆ ಕಾಲದಲ್ಲಿ ನನ್ನ ಮಿಷನ್ನಿನ ಕನ್ನಡ ಬೇರೆ, ಪ್ರೆಸ್ಸಿನ ಮಿಷನ್ನಿನ ಕನ್ನಡ ಬೇರೆ. ಅಲ್ಲಿ ತೆರೆದಾಗ ಅಕ್ಷರವೆಲ್ಲ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಪರ್ಸೆಂಟ್ ಗುರುತು. ಪ್ರೆಸ್ಸಿನವರು ಗಿರಾಕಿ ಕೊಟ್ಟದ್ದನ್ನು ಪ್ರಶ್ನೆ ಮಾಡುವ ಜಾತಿಯಲ್ಲ. ಮೇಲೆ ಗಣಪತಿ ಇಟ್ಟು, ಕೆಳಗೆ ಅರಿಶಿನದ ಬಣ್ಣದ ಬಾರ್ಡರು ಹಾಕಿ, ಒಂದು ಕಟ್ಟು ಪ್ರಿಂಟ್ ಮಾಡಿಯೇ ಬಿಟ್ಟರು.

ದೊಡ್ಡಪ್ಪ ಕನ್ನಡಕ ಹಾಕಿ, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮುಂಬೈಯಲ್ಲಿ ಇಂಗ್ಲಿಷು ನೀರು ಕುಡಿದ ಹಾಗೆ ಆಗಿತ್ತು ಎಂದು ಊರಿಡೀ ಹೇಳಿಕೊಂಡು ಬಂದವರು. ಸುತ್ತ ನೆಂಟರು ಕೂತಿದ್ದರು.

"ಅಡ್ಡಿಲ್ಲ" ಎಂದರು ಕೊನೆಗೆ. "ಇದ್ನ ಬೊಂಬಾಯಿಯವ್ರಿಗ್ ಕೊಡುವ. ಊರಿನವ್ರಿಗ್ ಕನ್ನಡದಲ್ಲ್ ಬ್ಯಾರೆ ಮಾಡ್ಸ್."

ಬೋಟು ಎಲ್ಲಿದೆ

ಎರಡು ಸಾವಿರದ ಹತ್ತರ ಹೊತ್ತಿಗೆ ನನ್ನ ಅನ್ನ ಬರುತ್ತಿದ್ದದ್ದು ಐಸ್ ಪ್ಲಾಂಟುಗಳಿಂದ. ಗಂಗೊಳ್ಳಿಯದ್ದು ದೊಡ್ಡದು, ಬೈಂದೂರು ಕಡೆಯದ್ದೂ ಬ್ರಹ್ಮಾವರದ ಹಂಗಾರಕಟ್ಟೆಯದ್ದೂ ಅದರ ಹಿಂದೆ ಬಂದವು. ಯಾವ ಬೋಟಿಗೆ ಎಷ್ಟು ಐಸು, ಯಾರ ಸರದಿ ಮೊದಲು ಎಂದು ಹೇಳುವ ಪ್ರೋಗ್ರಾಮು ನನ್ನದು. ಸರದಿ ತಪ್ಪಿದರೆ ಬಂದರಿನಲ್ಲಿ ಜನ ಕೈ ಕೈ ಮಿಲಾಯಿಸುತ್ತಾರೆ. ಆ ಪ್ರೋಗ್ರಾಮು ಓಡುತ್ತಿದ್ದದ್ದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ನಾನೇ ಜೋಡಿಸಿದ ಮಿಷನ್ನುಗಳಲ್ಲಿ. ಹೀಗೆ ತಮ್ಮದೇ ಜಾಗದಲ್ಲಿ ಇಟ್ಟುಕೊಂಡದ್ದಕ್ಕೆ ಪ್ರೈವೇಟ್ ಕ್ಲೌಡ್ ಎನ್ನುತ್ತಾರೆಂದು ಆಮೇಲೆ ಓದಿ ತಿಳಿದೆ. ಹೆಸರು ಬರುವ ಮೊದಲೇ ವಸ್ತು ನನ್ನಲ್ಲಿತ್ತು.

ಆದರೆ ಸಮುದ್ರದ ಉಪ್ಪುಗಾಳಿ ಬಾಗಿಲ ಚಿಲಕವನ್ನು ತಿಂದ ಹಾಗೆ ಮಿಷನ್ನನ್ನೂ ತಿನ್ನುತ್ತದೆ. ಮೀನಿನ ಸೀಸನ್ನಿನ ನಡುವೆ ಅದು ಕೈಕೊಡಲು ಶುರುಮಾಡಿತು. ಗಂಗೊಳ್ಳಿ ಪ್ಲಾಂಟಿನ ಯಜಮಾನರು ಒಳ್ಳೆಯವರು, ಆದರೆ ಮಾತು ನೇರ. ಇನ್ನೊಮ್ಮೆ ನಿಂತರೆ ಮಂಗಳೂರಿನ ಕಂಪನಿಗೆ ಕೊಡುತ್ತೇನೆ ಎಂದರು. ಅವರು ಹೋದರೆ ಉಳಿದವರೂ ಹೋಗುತ್ತಾರೆ. ಆಮೇಲೆ ನನ್ನಲ್ಲಿ ಉಳಿಯುವುದು ಖಾಲಿ ಕೋಣೆ, ದೊಡ್ಡಪ್ಪನ ಆ ಮಾತು.

ಹಾಗಾಗಿ ಬಾಡಿಗೆ ಮಿಷನ್ನಿಗೆ, ಎಂದರೆ ದೊಡ್ಡ ಕಂಪನಿಗಳು ಎಲ್ಲರಿಗೂ ಕೊಡುವ ಪಬ್ಲಿಕ್ ಕ್ಲೌಡಿಗೆ, ಹೋಗುವುದೆಂದು ನಿರ್ಧರಿಸಿದೆ. ಅದನ್ನು ಮಾರುವ ಒಬ್ಬರು ಟೈ ಕಟ್ಟಿಕೊಂಡು ಬಂದರು. ಅವರನ್ನು ಗಂಗೊಳ್ಳಿಗೆ ಕರೆದುಕೊಂಡು ಹೋದೆ. ಯಜಮಾನರು ಅವರನ್ನು ಐಸಿನ ರಾಶಿಯ ಪಕ್ಕ ಕೂರಿಸಿ, ಮಿಷನ್ ಎಲ್ಲಿರುತ್ತದೆ ಎಂದು ಕೇಳಿದರು. ಅದೇ ಇದರ ವಿಶೇಷ ಸಾರ್, ಎಲ್ಲಿದೆ ಎಂದು ಯಾರಿಗೂ ಗೊತ್ತಿರಬೇಕಾಗಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ನಿಮಗಾದರೂ ಗೊತ್ತೇ ಎಂದು ಯಜಮಾನರು ಕೇಳಿದರು. ನನಗೂ ಗೊತ್ತಿಲ್ಲ ಎಂದರು ಅವರು, ಇನ್ನೂ ಹೆಮ್ಮೆಯಿಂದ.

ಯಜಮಾನರು ನನ್ನ ಕಡೆ ತಿರುಗಿದರು. "ಹ್ವಾಯ್ ಅಕ್ಕ, ನಮ್ ಬೋಟ್ ಎಲ್ಲಿತ್ತ್ ಅಂದ್ ಯಾರಿಗೂ ಗೊತ್ತಿಲ್ದಿರೆ ನಾವ್ ಪೋಲೀಸ್ರಿಗ್ ಫೋನ್ ಮಾಡ್ತೊ. ಇವ್ರ್ ಬಾಡಿಗಿ ಕೇಳ್ತ್ರಲೆ."

ಸೀಟಿ

ಪ್ರೋಗ್ರಾಮು ಮಿಷನ್ನಿಗೆ ಏನನ್ನೂ ಬಾಯಿಗೆ ಬಂದ ಹಾಗೆ ಹೇಳುವಂತಿಲ್ಲ. ಏಳು, ನಿಲ್ಲು, ಇದನ್ನು ಇಟ್ಟುಕೋ, ಅದನ್ನು ಕೊಡು ಎನ್ನಲು ಗೊತ್ತುಮಾಡಿದ ಮಾತುಗಳಿವೆ. ಎಪಿಐ ಎಂದರೆ ಅದೇ. ನನ್ನ ಕೋಣೆಯ ಮಿಷನ್ನುಗಳಿಗೆ ನಾನು ಹಾಕಿದ್ದ ತಂತ್ರಾಂಶ, ನಾನು ಬಾಡಿಗೆಗೆ ಹಿಡಿಯಲಿದ್ದ ದೊಡ್ಡ ಕಂಪನಿಯ ಮಾತುಗಳನ್ನೇ ಕೇಳುವ ಹಾಗೆ ಯಾರೋ ಪುಣ್ಯಾತ್ಮರು ಮಾಡಿದ್ದು. ಇಲ್ಲಿ ಬರೆದದ್ದನ್ನು ಅಲ್ಲಿಗೆ ಎತ್ತಿ ಇಟ್ಟರೆ ಸಾಕು, ತಿದ್ದಬೇಕಾಗಿಲ್ಲ ಎಂದು ಟೈ ಕಟ್ಟಿದವರ ಭರವಸೆ. "ಸೇಮ್ ಟು ಸೇಮ್ ಮೇಡಂ" ಎಂದು ಅವರು ಎಷ್ಟು ಸಲ ಹೇಳಿದರೋ.

ಯಜಮಾನರಿಗೆ ಇದನ್ನು ತಿಳಿಸಬೇಕಿತ್ತು. ಬಸ್ ಕಂಡಕ್ಟರನ ಸೀಟಿ ನೋಡಿ ಎಂದೆ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೋಗು. ಪ್ರೈವೇಟ್ ಬಸ್ಸಿನ ಕಂಡಕ್ಟರನನ್ನು ನಾಳೆ ಸರ್ಕಾರಿ ಬಸ್ಸಿಗೆ ಹತ್ತಿಸಿದರೂ ಡ್ರೈವರನಿಗೆ ಅವನ ಸೀಟಿ ತಿಳಿಯುತ್ತದೆ. ಹೊಸದಾಗಿ ಕಲಿಸಬೇಕಾಗಿಲ್ಲ. ಇಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ಬರೆದಿಲ್ಲ ಎಂದು ನನಗೇ ಸ್ವಲ್ಪ ಜಂಬ ಬಂತು.

ಯಜಮಾನರು ತಲೆ ತುರಿಸಿಕೊಂಡರು. "ಸೀಟಿ ಇಬ್ರಿಗೂ ತಿಳಿತ್ತ್, ಹೌದ್. ಆರೆ ಪ್ರೈವೇಟಿನವ ಒಂದ್ ಸೀಟಿಗ್ ನಮ್ಮನಿ ಗೇಟಿನ್ ಎದ್ರ್ ನಿಲ್ಸ್ತ. ಸರ್ಕಾರಿಯವ್ನೂ ನಿಲ್ಸ್ತ. ಆರೆ ಮರವಂತಿಯಲ್ಲ್ ಊದಿರೆ ಮುಂದಿನ್ ಊರ್ ನಾವುಂದದಲ್ಲ್ ಇಳೀಕ್."

ನಾನು ನಕ್ಕೆ. ಟೈ ಕಟ್ಟಿದವರೂ ನಕ್ಕರು. ಅವರಿಗೆ ಕುಂದಾಪ್ರ ಕನ್ನಡ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಅರ್ಥವಾಗದವರು ಆ ದಿನ ಇಬ್ಬರಿದ್ದೆವು.

ಆಯುಧಪೂಜೆ

ಬಾಡಿಗೆ ಮಿಷನ್ನಿಗೆ ಹೋದೆವು. ಪ್ರೋಗ್ರಾಮು ಒಂದು ಅಕ್ಷರ ತಿದ್ದದೆ ಅಲ್ಲಿ ಓಡಿತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಪ್ಲಾಂಟಿನ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕಾದ ಹೊಸ ಅಡ್ರೆಸ್ಸು, ನಡುನಡುವೆ ಚುಕ್ಕಿ ಇರುವ ಒಂದು ನಂಬರು, ಅದನ್ನು ಮೂರೂ ಕಡೆಗೆ ಕೊಟ್ಟೆ. ಗಂಗೊಳ್ಳಿಯ ಯಜಮಾನರು ಪೇಂಟರನ್ನು ಕರೆಸಿ, ದೇವರ ಪಟದ ಕೆಳಗೆ ಗೋಡೆಯಲ್ಲಿ ಕೆಂಪು ಎಣ್ಣೆಬಣ್ಣದಲ್ಲಿ ಬರೆಸಿದರು. ನನ್ನ ಕೋಣೆಯ ಮಿಷನ್ನಿನ ಹಳೇ ನಂಬರು ಅಲ್ಲೇ ನೀಲಿಯಲ್ಲಿತ್ತು. ಅದರ ಕೆಳಗೆ ಇದು, ಇದರ ಕೆಳಗೆ ಕರೆಂಟ್ ಆಫೀಸಿನದ್ದು.

ಹಳೇ ಮಿಷನ್ನನ್ನು ಗುಜರಿಗೆ ಕೊಡುತ್ತೇನೆ ಎಂದಾಗ ಅಡ್ಡ ಬಂದವರೂ ಅವರೇ. ನವಮಿ ದಿನ ಕುಂಕುಮ ಹಚ್ಚುವುದು ಯಾವುದಕ್ಕೆ ಎಂದು ಕೇಳಿದರು. ಬಾಡಿಗೆಯದ್ದು ಎಲ್ಲಿದೆಯೆಂದೇ ಗೊತ್ತಿಲ್ಲ, ಹೂ ಇಡುವುದೆಲ್ಲಿ? ಅದು ನ್ಯಾಯ ಎನಿಸಿತು. ಪೂಜೆಗೆಂದೇ ಅದನ್ನು ಉಳಿಸಿಕೊಂಡೆ. ಸಂಜೆ ಹೊತ್ತು ಎಲ್ಲದರ ಒಂದು ಪ್ರತಿ ಅದಕ್ಕೂ ಹಾಕುವ ಅಭ್ಯಾಸ ಇಟ್ಟುಕೊಂಡೆ. ಕುಂಕುಮ ಹಚ್ಚಿಸಿಕೊಳ್ಳುವುದು ಸುಮ್ಮನೆ ಕೂತಿರಬಾರದು.

ನವಮಿ ಬಂತು. ನಮ್ಮಲ್ಲಿ ಅಂದು ಲಾರಿ ಓಡುವುದಿಲ್ಲ, ಬೋಟು ಹೋಗುವುದಿಲ್ಲ, ಹೊಲಿಗೆ ಮಿಷನ್ನನ್ನೂ ತುಳಿಯುವುದಿಲ್ಲ. ಹಳೇ ಮಿಷನ್ನಿಗೆ ಹೂವಿಟ್ಟೆ. ಪೂಜೆಗೆ ಬಂದ ಯಜಮಾನರು ಕಡ್ಲೆ ಮೆಲ್ಲುತ್ತಾ, ಬಾಡಿಗೆಯದ್ದು ಇವತ್ತೂ ದುಡಿಯುತ್ತಿದೆಯೇ ಎಂದು ಕೇಳಿದರು. ದುಡಿಯುತ್ತಿತ್ತು. ನನಗೂ ಮನಸ್ಸಿಗೆ ಕಸಿವಿಸಿಯಾಯಿತು. ನನ್ನ ಕೋಣೆಯ ಮಿಷನ್ನಿಗೆ ಪ್ರತಿ ವರ್ಷ ಅಂದು ಹೇಳುತ್ತಿದ್ದ 'ನಿಲ್ಲು' ಎಂಬ ಮಾತನ್ನೇ ಬಾಡಿಗೆಯದ್ದಕ್ಕೂ ಹೇಳಿದೆ. 'ಆಯಿತು' ಎಂದು ಉತ್ತರ ಬಂತು. ಸೇಮ್ ಟು ಸೇಮ್.

ಮಾರನೇ ಬೆಳಿಗ್ಗೆ, ದಶಮಿ, ಬೋಟುಗಳೆಲ್ಲ ಒಟ್ಟಿಗೆ ಹೊರಡುವ ದಿನ. 'ಏಳು' ಎಂದೆ. 'ಆಯಿತು' ಎಂದಿತು. ಎದ್ದಿತ್ತು ಕೂಡ. ಗಂಗೊಳ್ಳಿಯಿಂದ ಫೋನು: ಸರದಿ ಬರುತ್ತಿಲ್ಲ, ನೂಕಾಟ ಶುರುವಾಗಿದೆ, ಇನ್ನು ಮಂಗಳೂರಿನವರೇ ಗತಿ. ಹಂಗಾರಕಟ್ಟೆ, ಬೈಂದೂರು, ಎಲ್ಲ ಕಡೆಯೂ ಅದೇ. ಪುಸ್ತಕ ತಿರುವಿದಾಗ ಸಣ್ಣ ಅಕ್ಷರದಲ್ಲಿ ಕಂಡಿತು. ನನ್ನ ಕೋಣೆಯಲ್ಲಿ ನಿಂತದ್ದು ನಿಂತಲ್ಲೇ ಏಳುತ್ತದೆ. ಅಲ್ಲಿ ನಿಲ್ಲು ಎಂದರೆ ಜಾಗ ಬಿಟ್ಟ ಹಾಗೆ. ಏಳುವಾಗ ಬೇರೆ ಅಡ್ರೆಸ್ಸು ಕೊಡುತ್ತಾರೆ. ಅದೇ ಅಡ್ರೆಸ್ಸು ಉಳಿಯಬೇಕಾದರೆ ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಮರವಂತೆಯಲ್ಲಿ ಊದಿದ್ದೆ, ನಾವುಂದದಲ್ಲಿ ಇಳಿದಿದ್ದೆ.

ಫೋನಿನಲ್ಲಿ ಹೊಸ ನಂಬರು ಹೇಳತೊಡಗಿದರೆ ಅತ್ತ ಕಡೆ ಗಲಾಟೆಯಲ್ಲಿ ಒಂದಂಕಿ ಕೇಳಿದರೆ ಇನ್ನೊಂದು ಕೇಳದು. ಅಷ್ಟರಲ್ಲಿ ಕುಂಕುಮ ಹಚ್ಚಿದ ಹಳೇ ಮಿಷನ್ ಕಣ್ಣಿಗೆ ಬಿತ್ತು. ಹೂ ತೆಗೆದು ಸ್ವಿಚ್ ಹಾಕಿದೆ. ನವಮಿಯ ಹಿಂದಿನ ಸಂಜೆಯ ಪ್ರತಿ ಅದರಲ್ಲಿತ್ತು, ನವಮಿ ದಿನ ಯಾರೂ ಐಸು ಕೇಳಿರಲಿಲ್ಲ. ಅದೇ ಪ್ರೋಗ್ರಾಮು, ಅದೇ ಮಾತು, ತಿದ್ದುವುದೇನೂ ಇರಲಿಲ್ಲ.

"ಯಜಮಾನ್ರೆ, ಗೋಡಿ ಮೇಲ್ ನೀಲಿ ನಂಬರ್ ಇನ್ನೂ ಇತ್ತಾ?"

"ಇತ್ತಲೆ. ಅಳ್ಸುಕ್ ಪೇಂಟರ್ ಬ್ಯಾರೆ ದುಡ್ಡ್ ಕೇಂಡ. ಬ್ಯಾಡ ಅಂದೆ."

"ಅದ್ನೇ ಹಾಕಿ."

ಹಾಕಿದರು. ಸರದಿ ಬಂತು. ಬೋಟುಗಳು ಐಸು ತುಂಬಿಕೊಂಡು ಅಳಿವೆ ದಾಟಿ ಕಡಲಿಗಿಳಿದವು. ಉಳಿದೆರಡು ಪ್ಲಾಂಟುಗಳಿಗೆ ಹಳೇ ನಂಬರು ಬಾಯಿಪಾಠವೇ ಇತ್ತು. ಮಂಗಳೂರಿನ ಕಂಪನಿಯ ಹೆಸರು ಆಮೇಲೆ ಯಾರೂ ಎತ್ತಲಿಲ್ಲ.

ಅಂಗಡಿಯಲ್ಲಿ ಪೇಪರ್ ಓದುತ್ತಾ ಎಲ್ಲ ನೋಡಿದ್ದ ದೊಡ್ಡಪ್ಪ, ಈಗ ಮುದುಕರು, ಕನ್ನಡಕ ತೆಗೆದು ಹೇಳಿದರು: "ಆಪ್ದಲ್ಲ ಅಂದಿದ್ದೆ. ಆಯ್ತಲೆ ಹೆಣ್ಣೆ. ಆರೆ ಹ್ಯಾಂಗ್ ಆಯ್ತ್ ಅಂದ್ ನಂಗೂ ತಿಳಿಲಿಲ್ಲ, ನಿಂಗೂ ತಿಳಿಲಿಲ್ಲ."

ಮುಂದಿನ ವರ್ಷ ನವಮಿಗೆ ಬೆಳಿಗ್ಗೆಯೇ ಯಜಮಾನರ ಫೋನು. "ಅಕ್ಕ, ನಿಮ್ದಕ್ಕೆ ಪೂಜಿ ಮಾಡಿ, ಮನ್ಗ್ಸಿ. ಬಾಡಿಗಿಯದ್ ದುಡಿಲಿ. ಅದ್ಕ್ ದೇವ್ರಿಲ್ಲ, ಮನಿಯೂ ಇಲ್ಲ."

ಈಗ ಆ ಕೋಣೆ ನನ್ನದು, ಅದರ ಮೇಲಿನ ಮಾಳಿಗೆ ನನ್ನದು. ಇಲ್ಲೂ ಅಲ್ಲೂ ಓಡುವ ಪ್ರೋಗ್ರಾಮು ನನ್ನದು. ಉಪ್ಪು ತಿಂದ ಹಳೇ ಮಿಷನ್ನೂ ಇದೆ, ಕುಂಕುಮದ ಗುರುತಿನ ಸಮೇತ. ಇದಕ್ಕೆ ಹೋದದ್ದು ಅಮ್ಮನ ಬಳೆ, ನನ್ನ ಕಣ್ಣಿನ ಅರ್ಧ ಬೆಳಕು, ಮತ್ತೆ ಅಂಗಡಿ ಮುಚ್ಚಿದರೆ ಮದುವೆ ಎಂದು ಬಂದಿದ್ದ ಒಂದು ಸಂಬಂಧ. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ.