ರೊಟ್ಟಿ ಬಡಿಯಲು ಬಂದ ಕಬ್ಬಿಣದ ಕೈ

ಯಂತ್ರದ ಮಗ್ಗುಲಲ್ಲಿ ನಿಂತು ಹೊಟ್ಟೆ ಹೊರೆದವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಮೈಮೇಲೆ ಬೀಳುತ್ತವೆ. ನನ್ನ ಮೇಲೆ ಬಿದ್ದವು ಇವು.

ನಾನು ನಾಲ್ಕನೇ ಇಯತ್ತೆ ಕಲಿತವನು. ಚಿಕ್ಕೋಡಿಯ ಒಂದು ತಾಂತ್ರಿಕ ಶಾಲೆಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. ತೊಂಬತ್ತನೇ ಇಸವಿಯ ಆಚೀಚೆ. ಆಗ ನನ್ನಾಕಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ರೊಟ್ಟಿ ಬಡಿಯಬೇಕಾದರೆ ಒಂದು ಕೈ ಬಡಿಯಬೇಕು, ಒಂದು ಕೈ ತಿರುಗಿಸಬೇಕು. ಬಾಜೂಮನೆ ವೈನಿ ದಿನಾ ನಮಗೂ ನಾಲ್ಕು ರೊಟ್ಟಿ ಬಡಿದು ಕೊಡುತ್ತಿದ್ದಳು. ನನ್ನಾಕಿ ಅದನ್ನು ಮುರಿದು ಮುರಿದು ಬಿಡುತ್ತಿದ್ದಳು. ತಿನ್ನುತ್ತಿರಲಿಲ್ಲ.

"ಮಂದಿ ರೊಟ್ಟಿ ಎಷ್ಟ ದಿನ ತಿನ್ನೂದು? ಒಮ್ಮೆ ನನ್ನ ಒಲಿ ಮುಂದ ನಾನ ಕುಂತು ಬಡದು, ನಿಮಗ ಉಣಿಸಿ ಹೋಗ್ತೇನಿ" ಅಂದಳು.

ನಾನು ಇದನ್ನು ನಮ್ಮ ಸರ್ ಮುಂದೆ ಹೇಳಿದೆ. ಸರ್ ಅಂದರೆ ಅಲ್ಲಿ ಕಲಿಸುತ್ತಿದ್ದ ಒಬ್ಬ ಸಣ್ಣ ವಯಸ್ಸಿನ ಮಾಸ್ತರರು. ಅವರಿಗೆ ಯಂತ್ರಮಾನವನ ಹುಚ್ಚು. ಅರ್ಧ ತಾಸು ಹಾಳೆಯ ಮೇಲೆ ಏನೋ ಗೀಚಿದರು. ಆಮೇಲೆ, "ಮಿಸ್ತ್ರಿ, ಪೂರಾ ಮನಶ್ಯಾ ಬ್ಯಾಡ. ಒಂದ ಕೈ ಮಾಡೋಣ. ಅಕ್ಕಾರ ಬಡೀಲಿ, ಅದು ತಿರಗಸಲಿ" ಅಂದರು.

ಮೊದಲ ಹಿಡಿತ

ಹಳೇ ಜೀಪಿನ ಗಾಜು ಒರೆಸುವ ಮೋಟರು. ಸೈಕಲ್ ಚೈನು. ಟ್ರ್ಯಾಕ್ಟರ್ ಬ್ಯಾಟರಿ. ಬೆರಳುಗಳನ್ನು ನಾನೇ ಬೆಸೆದೆ, ಮೂರು ಬೆರಳು. ಮೊದಲ ಸಲ ಅದು ಮುಷ್ಟಿ ಮುಚ್ಚಿದಾಗ ನನ್ನ ಮೈ ಜುಮ್ಮೆಂದಿತು. ನಾನು ಬೆಸೆದ ಗೇಟುಗಳು ನೂರಾರು. ಯಾವ ಗೇಟೂ ತಾನಾಗಿ ಮುಚ್ಚಿರಲಿಲ್ಲ.

ಸುದ್ದಿ ಹಬ್ಬಿತು. ಅಥಣಿ ಕಡೆಯ ಒಬ್ಬ ದ್ರಾಕ್ಷಿ ತೋಟದ ಗೌಡರು ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡೇ ಬಂದರು. ಗೊನೆ ಹರಿಯಲು ಆಳು ಸಿಗುತ್ತಿಲ್ಲ, ಇಂಥವು ಹತ್ತು ಕೈ ಬೇಕು ಅಂದರು. ಸರ್ ಖುಷಿಯಿಂದ ಒಂದು ಗೊನೆ ಹಿಡಿಸಿದರು. ಕೈ ಹಿಡಿಯಿತು. ಬಿಡಲಿಲ್ಲ. ರಸ ಗೌಡರ ಧೋತರದ ತುಂಬಾ ಹರಿಯಿತು. ಎರಡನೇ ಗೊನೆಯೂ ಹಾಗೇ. ಮೂರನೆಯದೂ ಹಾಗೇ.

ಗೌಡರು ಸಿಟ್ಟಾಗಲಿಲ್ಲ. ಧೋತರ ಹಿಂಡಿಕೊಳ್ಳುತ್ತ, "ಸರ, ದ್ರಾಕ್ಷಿ ಬಿಡ್ರಿ. ಇದನ್ನ ಕಬ್ಬಿಗೆ ಹಚ್ಚರಿ, ಗಾಣ ಉಳಿತೈತಿ" ಅಂದರು.

ಎಂಟನೆಯ ಸಲ

ಬೆರಳಿಗೆ ಸೈಕಲ್ ಟ್ಯೂಬು ಸುತ್ತಿದೆವು. ಆಮೇಲೆ ಒಂದು ದ್ರಾಕ್ಷಿಯನ್ನು ಅದರ ಮೇಲಿನ ಬಿಳಿಪುಡಿ ಸೈತ ಅಳಿಸದೆ ಹಿಡಿಯಿತು. ನಾನು ನೋಡುತ್ತ ನಿಂತೇಬಿಟ್ಟೆ.

ಸರ್‌ಗೆ ಅಷ್ಟು ಸಾಲದು. "ಮನಶ್ಯಾರ ಸಂಗಾಟ ಕೆಲಸಾ ಮಾಡಬೇಕಂದ್ರ ಮೊದ್ಲ ಮನಶ್ಯಾರ್ನ ಹೊಡೀಬಾರದು" ಅಂದರು. ಮೊಣಕೈಗೆ ಒಂದು ತೆಳ್ಳಗಿನ ತಗಡಿನ ಪಟ್ಟಿ ಕಟ್ಟಿದರು. ಅದು ಯಾರಿಗಾದರೂ ತಾಗಿದರೆ ಕರೆಂಟು ಕಡಿದು ಕೈ ನಿಲ್ಲಬೇಕು. ಪರೀಕ್ಷೆಗೆ ಯಾರು ನಿಲ್ಲಬೇಕು? ನಾನೇ ನಿಂತೆ.

ಹೊಡೆಯಿತು. ಸರ್ ಸ್ಕ್ರೂ ತಿರುವಿದರು. ಮತ್ತೆ ಹೊಡೆಯಿತು. ಹೀಗೆ ಏಳು ಸಲ. ಎಂಟನೆಯ ಸಲ ಬಂತು, ನನ್ನ ಭುಜ ಮುಟ್ಟಿತು, ನಿಂತಿತು. ಕರು ಬಂದು ಮೂತಿ ಇಟ್ಟ ಹಾಗೆ. ನಮ್ಮಪ್ಪನ ಎತ್ತುಗಳಿಗೂ ಇಷ್ಟು ಸೂಕ್ಷ್ಮ ಇರಲಿಲ್ಲ. ಸರ್ ಕಣ್ಣಲ್ಲಿ ನೀರು.

"ಮಿಸ್ತ್ರಿ, ನೋವಾತೇನು?" ಅಂದರು.

"ಈ ಸಲ ಇಲ್ಲರಿ" ಅಂದೆ.

ಮನೆಯಲ್ಲಿ ನನ್ನಾಕಿ ಬಾವು ನೋಡಿ ಎಣ್ಣೆ ಹಚ್ಚಿದಳು. ಒಂದೇ ಕೈಯಲ್ಲಿ. "ನನಗ ಬಡಿಯಾಕ ಬರ್ಲಿ ಅಂತ ನೀವು ಬಡಿಸ್ಕೊಂಡ ಬಂದ್ರೇನು?" ಅಂದಳು.

ಎಡವೋ ಬಲವೋ

ಶಾಲೆ ನಡೆಸುವ ಸಂಸ್ಥೆಯ ಹಿರಿಯರೊಬ್ಬರು ನಿಪ್ಪಾಣಿಯಿಂದ ಬಂದರು. ಅವರು ಒಪ್ಪಿದರೆ ಮಾತ್ರ ಕೈಯನ್ನು ಶಾಲೆಯ ಹೊರಗೆ ಒಯ್ಯಬಹುದಿತ್ತು. ಕೈ ಅವರಿಗೆ ಚಹಾ ಕೊಡಬೇಕೆಂದು ಸರ್ ಏರ್ಪಾಡು ಮಾಡಿದ್ದರು. ಕೈ ಬಸಿಯ ಸಮೇತ ಕಪ್ಪನ್ನು ಹಿಡಿದು, ಒಂದು ಹನಿ ಚೆಲ್ಲದೆ ಅವರ ಮುಂದೆ ಚಾಚಿತು. ನಾವೆಲ್ಲ ಉಸಿರು ಹಿಡಿದಿದ್ದೆವು.

ಹಿರಿಯರು ತಗೊಳ್ಳಲಿಲ್ಲ. ಮೇಜಿನ ಯಾವ ಮಗ್ಗುಲಿಗೆ ಬೋಲ್ಟು ಹಾಕಿದ್ದೇವೆ ಅಂತ ಬಗ್ಗಿ ನೋಡಿದರು.

"ಇದು ಎಡಗೈ ಏನ್ರಿ?"

"ಸಾಹೇಬ್ರ, ಇರೂದ ಒಂದ ಕೈ. ಎಡಾ ಇಲ್ಲ, ಬಲಾ ಇಲ್ಲ" ಅಂದರು ಸರ್.

"ಒಂದ ಇದ್ರ ಏನಾತು? ಎಡಕ್ಕ ಕುಂತೈತಿ, ಎಡಗೈನ. ಎಡಗೈಲೆ ಚಹಾ ತಗೋಬೇಕೇನು ನಾನು?"

ಚಹಾ ಆರುತ್ತಿತ್ತು. ಸರ್ ಬೆವರುತ್ತಿದ್ದರು. ಬೋಲ್ಟು ಬಿಚ್ಚಿ ಕಟ್ಟಲು ಅರ್ಧ ದಿನ ಬೇಕು. ಹಿರಿಯರಿಗೂ ಚಹಾದ ಆಸೆ. ಕೊನೆಗೆ ಅವರೇ ಎದ್ದರು. ಕುರ್ಚಿ ಎಳೆದುಕೊಂಡು ಮೇಜಿನ ಆಚೆ ಮಗ್ಗುಲಿಗೆ ಹೋಗಿ ಕೂತರು.

"ಹಾಂ. ಈಗ ಬಲಗೈ ಆತು. ಕೊಡ ಅನ್ರಿ" ಅಂದರು.

ಕೊಟ್ಟಿತು. ಕುಡಿದರು. ಒಯ್ಯಲು ಒಪ್ಪಿದರು.

ನನ್ನಾಕಿಗೆ ಹೇಳಿದೆ. ಲಕ್ವಾ ಆದ ಮೇಲೆ ಅವತ್ತೇ ಮೊದಲು ನಕ್ಕಿದ್ದು. ನಕ್ಕು, "ನನಗೂ ಎಡಗೈ ಒಂದ ಉಳದೈತಿ. ಅವರ್ನ ನಮ್ಮನಿಗೆ ಊಟಕ್ಕ ಮಾತ್ರ ಕರೀಬ್ಯಾಡ್ರಿ. ಎದ್ದು ಹಿತ್ತಲದಾಗ ಹೋಗಿ ಕುಂಡ್ರತಾರ" ಅಂದಳು.

ಅದಕ್ಕೆ ಕಿವಿ ಬಂತು

ಹಿಟ್ಟಿನ ಕೈಯಲ್ಲಿ ಬಟನ್ ಒತ್ತಲು ಆಗುವುದಿಲ್ಲ. ಸರ್ ಇದರ ಮೇಲೆ ಎರಡು ತಿಂಗಳು ತಲೆ ಕೆಡಿಸಿಕೊಂಡರು. ಕೊನೆಗೆ ಯಂತ್ರಕ್ಕೆ ಒಂದು ಕಿವಿ ಮಾಡಿದರು. ಹಾಳಾದ ಟೇಪ್‌ರೆಕಾರ್ಡರಿನ ಮೈಕು. ಎರಡು ಚಪ್ಪಾಳೆ ಹೊಡೆದರೆ ಕೈ ಮುಂದೆ ಬಂದು, ರೊಟ್ಟಿ ಬಡಿಯುವ ಪರಾತದ ಅಂಚು ಹಿಡಿದು, ನಾಲ್ಕು ಬೆರಳಷ್ಟು ತಿರುಗಿಸಿ ಬಿಡುತ್ತದೆ. ಪರಾತದ ಕೆಳಗೆ ನಾನು ಸೈಕಲ್ ಚಕ್ರದ ನಡುವಿನ ಹಬ್ಬು ಕೂರಿಸಿದ್ದೆ, ಹಗುರಾಗಿ ತಿರುಗಲೆಂದು.

ವರ್ಕ್‌ಶಾಪಿನಲ್ಲಿ ನಾನು ಚಪ್ಪಾಳೆ ಹೊಡೆದೆ. ತಿರುಗಿಸಿತು. ಮತ್ತೆ ಹೊಡೆದೆ. ತಿರುಗಿಸಿತು. ಕಬ್ಬಿಣ ಮಾತು ಕೇಳುತ್ತಿದೆ! ಆ ದಿನ ನಾನು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ಟೆಂಪೋದಲ್ಲಿ ಮನೆಗೆ ತಂದೆವು. ಒಲೆಯ ಮುಂದೆ ಕೂರಿಸಿದೆವು. ಬಾಜೂಮನೆ ವೈನಿ ಬಂದು ಬಾಗಿಲಲ್ಲಿ ನಿಂತಳು. ನನ್ನಾಕಿಯನ್ನು ಮಣೆಯ ಮೇಲೆ ಕೂರಿಸಿದೆ. ಇಳಕಲ್ಲ ಸೀರೆ ಉಟ್ಟಿದ್ದಳು. ಸರ್ ಕೈ ಜೋಡಿಸಿ ನಿಂತು, "ಅಕ್ಕಾರ, ಈಗ ಎರಡ ಚಪ್ಪಾಳಿ ಹೊಡೀರಿ" ಅಂದರು.

ನನ್ನಾಕಿ ಸರ್ ಮುಖ ನೋಡಿದಳು. ತೊಡೆಯ ಮೇಲಿದ್ದ ತನ್ನ ಬಲಗೈ ನೋಡಿದಳು. ನಾನು ನೋಡಿದೆ. ಸರ್ ನೋಡಿದರು. ಎರಡು ತಿಂಗಳಲ್ಲಿ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ.

"ಸರ," ಅಂದಳು ಮೆಲ್ಲಗೆ, "ನನಗ ಚಪ್ಪಾಳಿ ಹೊಡ್ಯಾಕ ಬರತಿದ್ರ ಇದನ್ಯಾಕ ತರಸ್ತಿದ್ನಿ?"

ಬಡಿದ ಸಪ್ಪಳ

ಸರ್ ಹೊಸ್ತಿಲ ಮೇಲೆ ತಲೆ ಹಿಡಿದು ಕೂತರು. ಆಮೇಲೆ ಎದ್ದು, ಕಾಲಿನಿಂದ ಒತ್ತುವ ಸ್ವಿಚ್ ತರುತ್ತೇನೆ ಅಂತ ಶಾಲೆಗೆ ಹೋದರು. ಚಪ್ಪಲಿ ಬಿಟ್ಟೇ ಹೋದರು.

ನನ್ನಾಕಿ ಮಣೆಯಿಂದ ಏಳಲಿಲ್ಲ. ಸೀರೆ ಬದಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನೀರ ಕಾಸರಿ. ಹೆಂಗಿದ್ರೂ ಒಲಿ ಮುಂದ ಕುಂತೇನಿ. ಸೊಟ್ಟ ಆಗವಲ್ದ್ಯಾಕ, ಒಂದ ಬಡದ ನೋಡತೇನಿ" ಅಂದಳು.

ನೀರು ಹಾಕಿದೆ. ಎಡಗೈಯಲ್ಲೇ ಹಿಟ್ಟು ನಾದಿದಳು. ಬಹಳ ಹೊತ್ತು ಹಿಡಿಯಿತು. ಉಂಡೆಯನ್ನು ಪರಾತದ ನಡುವೆ ಇಟ್ಟು ಅಂಗೈಯಿಂದ ಬಡಿದಳು. ಪಟ್, ಪಟ್.

ಕೈ ಮುಂದೆ ಬಂತು. ಅಂಚು ಹಿಡಿಯಿತು. ತಿರುಗಿಸಿತು. ಹಿಂದೆ ಸರಿಯಿತು.

ನಾನು, ನನ್ನಾಕಿ, ಬಾಗಿಲಲ್ಲಿದ್ದ ವೈನಿ, ಮೂವರೂ ಗರ ಬಡಿದವರ ಹಾಗೆ ಆದೆವು. ಆಕೆ ಕೈ ಎತ್ತಿ ಹಿಡಿದಳು. ಅದೂ ನಿಂತಿತು. ಪಟ್, ಪಟ್. ತಿರುಗಿಸಿತು. ಅಂಗೈ ಸಪ್ಪಳವನ್ನೇ ಅದು ಚಪ್ಪಾಳೆ ಅಂದುಕೊಂಡಿತ್ತು. ಎರಡು ಬಡಿತ, ಒಂದು ತಿರುವು. ಇಪ್ಪತ್ತು ವರ್ಷ ಆಕೆಯ ಎರಡು ಕೈ ಹಾಗೇ ನಡೆದಿದ್ದವು. ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ ಅಗಲವಾಗುತ್ತ ಹೋಯಿತು. ಎತ್ತಿ ಹಂಚಿಗೆ ಹಾಕಿದ್ದು ಮಾತ್ರ ನಾನು.

ಅಷ್ಟರಲ್ಲಿ ವೈನಿ ಈ ಸುದ್ದಿಯನ್ನು ಸೊಸೆಗೆ ಹೇಳಲು ಮನೆಗೆ ಓಡಿದಳು. ಅಲ್ಲಿ ಸೊಸೆ ಆಗಷ್ಟೇ ರೊಟ್ಟಿ ಬಡಿಯತೊಡಗಿದ್ದಳು. ನಡುವೆ ಇರುವುದು ಒಂದು ತಗಡಿನ ಗೋಡೆ. ಇಲ್ಲಿ ನನ್ನಾಕಿ ಕೈ ಎತ್ತಿ ಕೂತಿದ್ದರೂ ನಮ್ಮ ಪರಾತ ಗರಗರ ತಿರುಗತೊಡಗಿತು.

ನನ್ನಾಕಿ ಗೋಡೆಗೆ ಮುಖ ಮಾಡಿ ಕೂಗಿದಳು: "ವೈನೀ, ನಿಮ್ಮ ಸೊಸೀಗೆ ಒಂದ ಗಳಿಗಿ ನಿಲ್ಲ ಅನ್ರಿ! ನಮ್ಮದು ನಿಮ್ಮನಿ ಚಾಕರಿ ಮಾಡಾಕತ್ತೈತಿ!"

ಸರ್ ಬರಿಗಾಲಲ್ಲಿ ಸ್ವಿಚ್ ಹಿಡಿದು ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಇದ್ದವು. ನಾನು ಉಣ್ಣುತ್ತ ಕೂತಿದ್ದೆ. ಸರ್ ಅಲ್ಲೇ ಗೋಡೆಗೆ ಒರಗಿ ನಿಂತರು. ಆಕೆ ಮತ್ತೊಂದು ಬಡಿಯುವುದನ್ನು ಪೂರಾ ನೋಡಿದರು. ಆಮೇಲೆ ಕಿಸೆಯಿಂದ ವಹಿ ತೆಗೆದು ಕೇಳಿದರು:

"ಅಕ್ಕಾರ, ಇದರಾಗ ಏನರೆ ಕೊರತಿ ಐತೇನ್ರಿ? ಬರಕೋತೇನಿ."

ಆಕೆ ಕಬ್ಬಿಣದ ಕೈಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಏನಿಲ್ರಿ ಸರ. ಥೇಟ ನಮ್ಮ ಮನ್ಯಾರಂಗ ಐತಿ. ಗದ್ಲಾ ಮಾಡಿದ್ರನ ಇತ್ತಾಗ ತಿರಗತೈತಿ. ರೊಟ್ಟಿ ಚಲೋ ಆಗ್ಯಾವ ಅಂತ ಮಾತ್ರ ಬಾಯಿ ಬಿಡಂಗಿಲ್ಲ."

ಸರ್ ನನ್ನ ಕಡೆ ನೋಡಿದರು. ಹೇಳಬೇಕಂತಲೇ ಇದ್ದೆ. ಬಾಯಲ್ಲಿ ನಾಲ್ಕನೇ ರೊಟ್ಟಿ ಇತ್ತು.