ದೇವಕಮ್ಮನ ಎಲುಬು, ತಾಯಪ್ಪನ ರೊಟ್ಟಿ

ತಾಯಪ್ಪನ ಕಷ್ಟಕ್ಕೆಲ್ಲ ಮೂಲ ಒಂದು ಸುಣ್ಣದ ಗುಳಿಗೆ. ಅವನು ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ನಿಜಾಮರ ಆಡಳಿತ ಮುಗಿದು, ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಓಡುತ್ತಿದ್ದ ಅವನ ಲೇಖನಿ ಈಗಷ್ಟೇ ಕನ್ನಡದಲ್ಲಿ ಎಡದಿಂದ ಬಲಕ್ಕೆ ತಡವರಿಸತೊಡಗಿತ್ತು. ಅಷ್ಟರಲ್ಲಿ ಹೆಂಡತಿ ದೇವಕಮ್ಮನ ಕುತ್ತಿಗೆಯ ಗಂಟನ್ನು, ಅಂದರೆ ಗಳಗಂಡವನ್ನು, ಹೈದರಾಬಾದಿನಲ್ಲಿ ಕೊಯ್ದು ತೆಗೆಸಬೇಕಾಯಿತು. ಗಂಟಿನ ಬೆನ್ನಿಗೆ ಅಂಟಿಕೊಂಡಿದ್ದ ಜೋಳದ ಕಾಳಿನಂಥ ಪುಟ್ಟ ಗ್ರಂಥಿಗಳೂ ಅದರ ಜೊತೆಗೇ ಹೋದವು. ಅಂದಿನಿಂದ ಆಕೆಯ ತುಟಿ ಜುಮುಗುಡುತ್ತಿತ್ತು, ಬೆರಳುಗಳು ಒಮ್ಮೊಮ್ಮೆ ರಂಗೋಲಿ ಪುಡಿ ಹಿಡಿದಂತೆ ಸೆಟೆದು ನಿಲ್ಲುತ್ತಿದ್ದವು. ರಕ್ತದಲ್ಲಿ ಸುಣ್ಣ ಕಡಿಮೆಯಾಗಿದೆ ಎಂದು ಅಲ್ಲಿಯ ಡಾಕ್ಟರು ಗುಳಿಗೆ ಕೊಟ್ಟು ಕಳಿಸಿದರು.

ಪಕ್ಕದ ಮನೆಯ ಅಯ್ಯಮ್ಮ ಇದನ್ನು ಕೇಳಿದ್ದೇ ತಡ, ಎದೆ ಎದೆ ಬಡಿದುಕೊಂಡಳು.

"ಸುಣ್ಣ ಕಡಿಮಿ ಅಂದ್ರ ಎಲುಬೆಲ್ಲ ಟೊಳ್ಳಾಗ್ಯಾವ ಅಂತ ತಿಳೀರಿ! ಹಪ್ಪಳದಂಗ ಮುರೀತಾವ. ಇನ್ನ ಆಕಿ ಕೈಲೆ ರೊಟ್ಟಿ ಬಡಸಬ್ಯಾಡ್ರಿ!"

ಇಡೀ ಓಣಿ ಹೌದೆಂದಿತು. ದೇವಕಮ್ಮ ಗಾದಿಯ ಮೇಲೆ ಕೂತಳು, ತಾಯಪ್ಪ ಒಲೆಯ ಮುಂದೆ ಕೂತ. ಹಿಟ್ಟನ್ನು ಅವನು ರೂಢಿಯ ಪ್ರಕಾರ ಉರ್ದು ದಿಕ್ಕಿನಲ್ಲೇ ತಿರುಗಿಸುತ್ತಿದ್ದ. ರೊಟ್ಟಿ ಹೈದರಾಬಾದ್ ಸಂಸ್ಥಾನದ ನಕಾಶೆಯಂತೆ ಬರುತ್ತಿತ್ತು, ಯಾವ ತುಂಡು ಯಾರ ಪಾಲಿಗೆ ಹರಿದುಹೋಗುತ್ತದೋ ಹೇಳುವಂತಿರಲಿಲ್ಲ. ಕಚೇರಿಯಲ್ಲಿ ಅವನ ಬೊಬ್ಬೆಯೆದ್ದ ಬೆರಳು ನೋಡಿ ಎಲ್ಲರೂ ನಗುತ್ತಿದ್ದರು.

"ನನಗೇನೂ ಆಗಿಲ್ಲರಿ. ಕುಂತು ಕುಂತು ಸಾಕಾಗ್ಯಾದ," ಎಂದು ದೇವಕಮ್ಮ ಗೋಳಾಡಿದಳು.

ಯಾದಗಿರಿಗೆ ಎಲುಬಿನ ಫೋಟೋ ತೆಗೆಯುವ ಯಂತ್ರ ಬಂದಿದೆಯೆಂಬ ಸುದ್ದಿ ಕೇಳಿದಾಗ ತಾಯಪ್ಪನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಬಹಳ. ಆಕೆಯ ಎಲುಬು ಗಟ್ಟಿಯಿರಲಿ ಎಂದು ದೇವರಿಗೆ ಕೈಮುಗಿದ, ರೊಟ್ಟಿಯ ಮಾತನ್ನೂ ಅದರಲ್ಲೇ ಸೇರಿಸಿದ. ರಜೆ ಹಾಕಿ ಹೊರಟ.

ಹೊರಡುವಾಗ ಅಯ್ಯಮ್ಮ ದೇವಕಮ್ಮನ ಗಾದಿಯನ್ನು ಸುರುಳಿ ಸುತ್ತಿ ಎತ್ತಿಕೊಂಡು ತಾನೂ ಬಂದಳು. ಎದುರುಮನೆಯ ಖುರ್ಷೀದಬೇಗಂ ಕುರಿಕಾಲಿನ ಸೂಪಿನ ಗಡಿಗೆಯನ್ನು ತಾಯಪ್ಪನ ಕೈಗಿಟ್ಟು, "ದಾರ್ಯಾಗ ಕುಡಸ್ರಿ, ಹಡ್ಡಿಗೆ ತಾಕತ್ ಬರ್ತದ," ಎಂದಳು.

ಬಸ್ಸಿನಲ್ಲಿ ಪ್ರತಿ ಗುಂಡಿಗೂ ಅಯ್ಯಮ್ಮ ಚೀರಿದಳು. "ಹಗೂರ ಹೊಡಿಯೋ ಮಾರಾಯ! ಎಲುಬಿನ ಪೇಶಂಟ್ ಅದಾಳ!"

ರೋಸಿಹೋದ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ದೇವಕಮ್ಮ ಗಾದಿಯ ಮೇಲೆ ಸುಖವಾಗಿ ಕೂತೇ ಇದ್ದಳು. ಸೂಪು ಮಾತ್ರ ಪೂರ್ತಿ ತಾಯಪ್ಪನ ಧೋತರದ ಮೇಲೆ ಬಿತ್ತು.

ಯಾದಗಿರಿಯಲ್ಲಿ ಇಳಿದು ಗಾದಿ ಹೊತ್ತು ನಡೆದವನ ಹಿಂದೆ ಮೊದಲು ಒಂದು ನಾಯಿ ಬಂತು. ಕಿರಾಣಿ ಬಜಾರು ದಾಟುವಷ್ಟರಲ್ಲಿ ಊರ ನಾಯಿಗಳೆಲ್ಲ ಬಂದವು. ತಾಯಪ್ಪ ಓಡಿದ, ಗಾದಿ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು, ಅವನು ಎಡಗೈ ಊರಿ ಧೊಪ್ಪನೆ ಬಿದ್ದ.

ದೇವಕಮ್ಮ ಸೆರಗು ಸಿಕ್ಕಿಸಿ ಕಲ್ಲೆತ್ತಿಕೊಂಡು ನಾಯಿಗಳನ್ನೆಲ್ಲ ಅಟ್ಟಿದಳು. ಆಮೇಲೆ ಗಂಡನನ್ನು ಒಂದು ಕೈಯಲ್ಲಿ ಎಬ್ಬಿಸಿ, ಗಾದಿಯನ್ನು ಹೆಗಲಿಗೇರಿಸಿ ದವಾಖಾನೆಯ ಕಡೆ ದಾಪುಗಾಲು ಹಾಕಿದಳು. "ಎಲುಬು! ನಿನ್ನ ಎಲುಬು!" ಎಂದು ಕೂಗುತ್ತ ಅಯ್ಯಮ್ಮ ಹಿಂದೆ ಓಡಿದಳು.

ಡಾಕ್ಟರ್ ಮನ್ಸೂರಅಲಿ ಗಂಡ ಹೆಂಡಿರಿಬ್ಬರ ಕೈಯದೂ ಫೋಟೋ ತೆಗೆದು ಬೆಳಕಿಗೆ ಹಿಡಿದರು. ಒಂದರಲ್ಲಿ ಬಿಳಿ ಎಲುಬು ದಿಟ್ಟವಾಗಿ ನಿಂತಿತ್ತು, ಇನ್ನೊಂದರಲ್ಲಿ ಬಿರುಕು ಕಾಣುತ್ತಿತ್ತು. ಅಯ್ಯಮ್ಮ ಬಿರುಕಿಗೆ ಬೆರಳಿಟ್ಟು, "ನೋಡ್ರಿ, ನಾ ಹೇಳಿದ್ದಿಲ್ಲೇನು? ಸೀಳೇ ಬಿಟ್ಟಾದ!" ಎಂದಳು.

"ಅದು ಇವರ ಯಜಮಾನರದು," ಎಂದರು ಡಾಕ್ಟರು. "ಈಯಮ್ಮಂದು ಈ ಬಿಳೀದು. ಎಲುಬಿನಾಗಿಂದ ಸುಣ್ಣ ತೆಗದು ರಕ್ತಕ್ಕ ಕೊಡಸೋದು ಆ ಸಣ್ಣ ಗ್ರಂಥಿಗಳ ಕೆಲಸ. ಈಗ ಅವಿಲ್ಲ. ಕೇಳೋರಿಲ್ಲದ ಎಲುಬು ಸುಣ್ಣ ಹಿಡಕೊಂಡು ಕುಂತಾದ, ರಕ್ತಕ್ಕ ಬರಗಾಲ ಬಂದಾದ. ಟೊಳ್ಳೇನೂ ಆಗಿಲ್ಲ."

ತಾಯಪ್ಪ ಕೈನೋವು ಮರೆತ. ಕಣ್ಣಲ್ಲಿ ನೀರೇ ಬಂತು. "ಹಂಗಾರ ನಾಳಿಂದ ಆಕಿ ರೊಟ್ಟಿ ಬಡೀಬೌದಲ್ರಿ?"

"ನೀರು ಹೊರಲಿ, ಹೊಲಕ್ಕ ಹೋಗಲಿ. ಒಲಿ ಮುಂದ ಮಾತ್ರ ಬ್ಯಾಡ. ಕೈ ಸೆಟದು ಹಂಚಿನ ಮ್ಯಾಲೇ ನಿಂತ್ರ ಏನ್ ಮಾಡ್ತೀರಿ? ಗುಳಿಗಿ ಮೈಗೆ ಹೊಂದೋತನಕ ತಡೀರಿ."

ತಾಯಪ್ಪ ಪಟ್ಟಿ ಕಟ್ಟಿದ ಕೈಯನ್ನು ಆಸೆಯಿಂದ ಮೇಲೆತ್ತಿದ. "ನಂದೂ ಕೈ ಮುರದಾದಲ್ರಿ ಅಯ್ಯಮ್ಮ. ನಮ್ಮನಿ ರೊಟ್ಟಿ ಇನ್ನ ಯಾರು..."

ಅಯ್ಯಮ್ಮ ಅವನ ಎರಡೂ ಕೈಗಳನ್ನು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ತಿರುವಿ ನೋಡಿದಳು. "ಮುರದದ್ದು ಎಡಗೈ. ಬಡಿಯೋದು ಬಲಗೈ. ತಿರಗಸಾಕ ನಾ ಬರ್ತೀನಿ ತಗೋರಿ."

ಸಂಜೆ ಅಯ್ಯಮ್ಮ ಒಲೆಯ ಪಕ್ಕ ಕೂತು ಹಿಟ್ಟನ್ನು ಕನ್ನಡದ ದಿಕ್ಕಿನಲ್ಲಿ ತಿರುಗಿಸಿದಳು, ತಾಯಪ್ಪ ಬಲಗೈಯಿಂದ ಬಡಿದ. ಮೊಟ್ಟಮೊದಲ ಸಲ ರೊಟ್ಟಿ ಚಂದಿರನಂತೆ ದುಂಡಗೆ ಬಂದು ಹಂಚಿನ ಮೇಲೆ ಉಬ್ಬಿತು. ತಾಯಪ್ಪನಿಗೆ ತನ್ನ ಮೇಲೆ ತನಗೇ ಹೆಮ್ಮೆಯಾಯಿತು. ಎರಡು ಕೊಡ ನೀರು ಹೊತ್ತು ತಂದ ದೇವಕಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ನನ್ನ ಕೈಲೂ ಇಷ್ಟು ಚಂದ ಬಂದಿಲ್ಲರಿ," ಎಂದಳು. "ಗುಳಿಗಿ ಹೊಂದಿದ್ರೂ ಇನ್ನ ಮುಂದ ನೀವೇ ಬಡೀರಿ."