ನನ್ನ ಗ್ರೀಕ್ ಸವತಿ

ಮದುವೆಯಾದ ಮೂರೇ ವರ್ಷಕ್ಕೆ ನನಗೊಬ್ಬ ಸವತಿ ಗಂಟುಬಿದ್ದಳು ಎಂದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಆ ಸವತಿಗೆ ಪೊದೆಮೀಸೆ, ಕುಂಟುವ ಬಲಗಾಲು, ಅರವತ್ತರ ಹತ್ತಿರದ ವಯಸ್ಸು ಎಂದರೆ ಏನೆನ್ನುತ್ತೀರೋ!

ಅವರು ಫುಟ್‌ಬಾಲ್ ಕೋಚ್. ಯೌವನದಲ್ಲಿ ಗ್ರೀಸ್‌ನ ಯಾವುದೋ ಬಂದರಿನ ಊರಿನ ತಂಡಕ್ಕೆ ಡಿಫೆಂಡರ್ ಆಗಿ ಆಡಿದವರು. ಅಂದರೆ ಗೋಲು ಹೊಡೆಯುವವರಲ್ಲ, ಹೊಡೆಯಲು ಬಂದವರಿಗೆ ಅಡ್ಡ ನಿಲ್ಲುವವರು. ಆಮೇಲೆ ಸಿಡ್ನಿಗೆ ಬಂದು, ಮಂಡಿ ಕೈಕೊಡುವವರೆಗೂ ಅಲ್ಲಿನ ಕ್ಲಬ್ಬೊಂದಕ್ಕೆ ಆಡಿ, ಅಲ್ಲೇ ಕೋಚ್ ಆದರು. ಮುಂದೆ ಅದೇಕೋ ಎಲ್ಲ ಬಿಟ್ಟು ಮೆಲ್ಬರ್ನ್‌ಗೆ ಬಂದು, ಹೊಟ್ಟೆ ಬಂದ ಗಂಡಸರಿಗೆ ಭಾನುವಾರ ಆಟ ಕಲಿಸುತ್ತಿದ್ದರು. ಗ್ರೀಸ್ ಯುರೋಪ್ ಕಪ್ ಗೆದ್ದ ವರ್ಷ, ಮೆಲ್ಬರ್ನ್‌ನದೇ ಡಾಕ್‌ಲ್ಯಾಂಡ್ಸ್‌ನ ಆಫೀಸೊಂದರಲ್ಲಿ ಐಟಿ ಕೆಲಸಕ್ಕಿದ್ದ ನಮ್ಮ ಯಜಮಾನರೂ ಆ ಹೊಟ್ಟೆಗಳ ಸಾಲಿಗೆ ಸೇರಿದರು.

ಅಡ್ಡ ನಿಲ್ಲುವ ಅಭ್ಯಾಸ ಕೋಚ್‌ಗೆ ಅಂಗಡಿಯಲ್ಲೂ ಬಿಟ್ಟಿರಲಿಲ್ಲ. ಯಾರಾದರೂ ಟ್ರಾಲಿ ತಳ್ಳಿಕೊಂಡು ಬಂದರೆ ಸಾಕು, ಸಾರಿ ಸಾರಿ ಎನ್ನುತ್ತಲೇ ಎಡಕ್ಕೆ ಹೋದವರಿಗೆ ಎಡಕ್ಕೆ, ಬಲಕ್ಕೆ ಹೋದವರಿಗೆ ಬಲಕ್ಕೆ ಎದುರಾಗುತ್ತಿದ್ದರು.

ಒಮ್ಮೆ ಊಟಕ್ಕೆ ಬಂದವರು ನನ್ನ ಉದ್ದಿನ ವಡೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಪಾಠ ಶುರುಮಾಡಿದರು. ಕೊನೆಯ ವಡೆ ನಮ್ಮ ಯಜಮಾನರು. ಹಿಂದೆ ಓಡಿಬರದ ಡಿಫೆಂಡರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಆ ವಡೆಯನ್ನೇ ಬಾಯಿಗೆ ಹಾಕಿಕೊಂಡರು. ಇವರು ಪ್ರಸಾದ ಸಿಕ್ಕವರಂತೆ ನಕ್ಕರು!

ಕಾಫಿಗೆ ಸಕ್ಕರೆ ಕಡಿಮೆ ಮಾಡಿ ಎಂದು ಮದುವೆಯಾದಾಗಿನಿಂದ ನಾನು ಗೋಗರೆಯುತ್ತಿದ್ದೆ. ಕೋಚ್ ಹೇಳಿದ ಮರುದಿನವೇ ಇವರು ಸಕ್ಕರೆ ಬಿಟ್ಟರು. ಹೊಟ್ಟೆ ಉರಿಯದೆ ಇನ್ನೇನಾದೀತು?

"ನಾನು ಹೇಳಿದ್ದೂ ಅದೇ ಅಲ್ವೇನ್ರೀ?"

"ನೀನು ಹೇಳ್ತೀಯ ಕಣೇ. ಅವರು ಕೋಚಿಂಗ್ ಮಾಡ್ತಾರೆ."

ಕೆಲವು ವರ್ಷ ಹೀಗೇ ಉರಿದುಕೊಂಡಿದ್ದೆ. ಅಷ್ಟರಲ್ಲಿ ಸಿಡ್ನಿಯ ಹಳೆಯ ಕ್ಲಬ್ ಕೋಚನ್ನು ವಾಪಸು ಕರೆಯಿತು. ತಂಡ ನೆಲಕಚ್ಚಿತ್ತಂತೆ. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಇವರು ಮುಖ ಊದಿಸಿಕೊಂಡು, ಮೊದಲ ಪಂದ್ಯಕ್ಕೆ ನನ್ನನ್ನೂ ಸಿಡ್ನಿಗೆ ಎಳೆದುಕೊಂಡು ಹೋದರು.

ಮೈದಾನದ ಹೊರಗೆ ಕೋಚ್ ಒಬ್ಬರೇ ಕಾರಿಗೊರಗಿ ನಿಂತಿದ್ದರು. ಇವರು ನೀರು ತರಲು ಹೋದಾಗ ನನ್ನೊಂದಿಗೆ ಮಾತಾಡಿದರು. ಅವರ ಹೆಂಡತಿ ಪ್ರತಿ ಪಂದ್ಯಕ್ಕೂ ಮುಂದಿನ ಸಾಲಿನಲ್ಲಿ ಕೂತು ಗ್ರೀಕ್‌ನಲ್ಲಿ ಬೈಯುತ್ತಿದ್ದರಂತೆ. ಆಕೆ ತೀರಿಹೋದಮೇಲೆ ಆ ಜಾಗ ನೋಡಲಾಗದೆ ಊರನ್ನೇ ಬಿಟ್ಟಿದ್ದರಂತೆ.

"ಮಿಸೆಸ್, ಇವತ್ತು ನೀವು ಅಲ್ಲಿ ಕೂತು ನನ್ನನ್ನು ಬೈತೀರಾ?" ಎಂದರು.

"ನಂಗೆ ಆಟ ಗೊತ್ತಿಲ್ಲವಲ್ಲ ಸರ್."

"ಅವಳಿಗೂ ಗೊತ್ತಿರಲಿಲ್ಲ."

ಈ ಕೆಲಸ ತಮ್ಮನ್ನು ಬಿಟ್ಟು ನನಗೆ ಬಂತೆಂದು ತಿಳಿದಾಗ ನಮ್ಮ ಯಜಮಾನರ ಮುಖ ನೋಡಬೇಕಿತ್ತು!

ಆಟ ಶುರುವಾದ ಸ್ವಲ್ಪಕ್ಕೇ ಎದುರಾಳಿಗಳು ಗೋಲು ಹೊಡೆದರು. ಕೋಚ್ ಗೆರೆಯ ಪಕ್ಕ ನಮಗೆ ಬೆನ್ನುಹಾಕಿ, ಕೈ ಜೇಬಿಗಿಳಿಸಿ ನಿಂತಿದ್ದರು. ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಕನ್ನಡವೇ.

"ಏನ್ರೀ, ಕಂಬದ ಥರ ನಿಂತಿದ್ದೀರಾ? ಆ ಹುಡುಗರಿಗೆ ಏನಾದ್ರೂ ಹೇಳ್ರೀ!"

ಕೋಚ್ ತಿರುಗಲಿಲ್ಲ. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಹುಡುಗರತ್ತ ಗಂಟಲು ಹರಿಯುವಂತೆ ಕೂಗತೊಡಗಿದರು. ಸಾಕು ಕೂತ್ಕೋ ಎಂದು ಇವರು ನನ್ನ ಕೈ ಜಗ್ಗಿದರು. ನಾನು ಕೂರಲಿಲ್ಲ. ಕಣ್ಣು ಮಂಜಾಗಿ ಚೆಂಡು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಆದರೂ ಬೈಯುತ್ತಲೇ ಇದ್ದೆ.